ಬೆನ್ನು ಬಿಡದ ಸ್ಪಾಯ್ಲರ್

ಒಂದು ಕಾಡಿನಲ್ಲಿ, ಡಾಂಬರು ರಸ್ತೆ ಮುಗಿದುಹೋಗುವ ಕಡೆ, ಒಂದು ಕೆಂಪು ಕಾರು ನಿಂತಿತ್ತು. ಬಾಗಿಲು ತೆರೆದೇ ಇತ್ತು. ಅದರಲ್ಲಿ ಬಂದವರು ಎಲ್ಲಿ ಹೋದರೋ, ಯಾರೂ ತಿರುಗಿ ಬರಲಿಲ್ಲ. ಪ್ರಾಣಿಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ಕಜ್ಜಿ ನರಿ ಮಾತ್ರ ಹೋಯಿತು. ಅದಕ್ಕೆ ಬೇಟೆಯಾಡುವ ಕಸುವು ಉಳಿದಿರಲಿಲ್ಲ. ಹಸಿವು ಮಾತ್ರ ಮೊದಲಿನಷ್ಟೇ ಇತ್ತು.

ಡಿಕ್ಕಿಯಲ್ಲಿ ಹೊಸ ಸ್ಪಾಯ್ಲರ್ ಇತ್ತು. ಕಾರಿನ ಹಿಂಬದಿಗೆ ಅಂಟಿಸುತ್ತಾರಲ್ಲ, ಹಲಗೆಯಂಥ ಕಪ್ಪು ರೆಕ್ಕೆ, ಅದೇ. ಜೊತೆಗೆ ಎರಡೂ ಬದಿ ಅಂಟುವ ಟೇಪು, ಸಂದಿಗೆ ತುಂಬುವ ಗಟ್ಟಿ ಅಂಟು ಸೀಲೆಂಟಿನ ಟ್ಯೂಬು. ಗಾಳಿ ಬೀಸಿದಾಗ ಆ ರೆಕ್ಕೆಯ ಅಡಿಯಿಂದ 'ಊಂ...' ಎಂದು ಯಾರೋ ನರಳಿದಂತೆ ದನಿ ಬಂತು. ನರಿಯ ಮೈ ಜುಮ್ಮೆಂದಿತು. ಮರುಗಳಿಗೆಗೆ ಅದಕ್ಕೊಂದು ಉಪಾಯ ಹೊಳೆಯಿತು.

ಊರಿನ ಗ್ಯಾರೇಜಿನ ಪಕ್ಕದ ಮರದಲ್ಲಿ ಬೆಳೆದ ಮುದಿ ಕೋತಿ ಮುಸುವಜ್ಜನಿಗೆ ಇಂಥ ಕೆಲಸವೆಲ್ಲ ಗೊತ್ತಿತ್ತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ನರಿ ಅದನ್ನೆಲ್ಲ ಎಳೆದುಕೊಂಡು ಹೋಗಿ, ಕೂದಲುದುರಿದ ಬೆನ್ನಿಗೆ ಬಿಸಿಲು ಚುರುಗುಟ್ಟುತ್ತದೆ, ನೆರಳಿಗೊಂದು ಮಾಡು ಬೇಕು ಎಂದು ಅತ್ತಿತು. ಮುಸುವಜ್ಜ ಮರುಗಿದ.

"ಅಂಟಿದರೆ ಮತ್ತೆ ಬಿಡೋದಿಲ್ಲ ಕಣೋ. ಮೊದಲು ಬಳ್ಳಿಯಲ್ಲಿ ಕಟ್ಟಿ ನೋಡೋಣ."

"ಕಟ್ಟಿದ್ದು ಬಿಚ್ಚಿಹೋಗುತ್ತೆ ಅಜ್ಜ. ಸಾಯೋವರೆಗೂ ಬಿಡದ ಹಾಗೆ ಅಂಟಿಸು."

ಮುಸುವಜ್ಜ ಬೆನ್ನಿನ ಧೂಳು ಒರೆಸಿದ, ಒಣಗಿಸಿದ, ಟೇಪು ಹಚ್ಚಿ ಒತ್ತಿ ಹಿಡಿದ, ಸಂದಿಗೆಲ್ಲ ಸೀಲೆಂಟ್ ತುಂಬಿದ. ಒಂದು ದಿನ ಅಲ್ಲಾಡಬೇಡ ಎಂದ. ಯಾರ ಮಾತಿಗೂ ಕಿವಿಗೊಡದ ಪ್ರಾಣಿ, ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿತು ನೋಡಿ.

ಮಾರನೆಯ ಸಂಜೆಯಿಂದ ಕೆರೆ ದಡದ ಪೊದೆಯೊಳಗೆ ಆ ನರಳಿಕೆ ಕೇಳತೊಡಗಿತು. ನಾನು ಕೆರೆಯ ಭೂತ, ನೀರು ಬೇಕಾದರೆ ದಿನಕ್ಕೊಂದು ಮರಿ ಬಿಟ್ಟು ಕಣ್ಣು ಮುಚ್ಚಿ ನಿಲ್ಲಿ ಎಂದು ಪೊದೆ ಅಪ್ಪಣೆ ಮಾಡಿತು. ಕಾಡಿಗೆ ಇದ್ದದ್ದು ಅದೊಂದೇ ಕೆರೆ. ಮೊಲದ ಮರಿ ಹೋಯಿತು. ಹಂದಿಯ ಮರಿ ಹೋಯಿತು. ತಾಯಂದಿರು ಕಣ್ಣು ಮುಚ್ಚಿಕೊಂಡೇ ಅತ್ತರು.

ಮೂರನೆಯ ಸರದಿ ಜಿಂಕೆಯದು. ಅದಕ್ಕಿದ್ದದ್ದು ಒಂದೇ ಮರಿ. ದಡದಲ್ಲಿ ಬಿಟ್ಟು ಹಿಂದೆ ಸರಿಯಿತು, ಆದರೆ ಕಣ್ಣು ಮುಚ್ಚಲಿಲ್ಲ. ಹೆತ್ತ ಕರುಳು, ಹೇಗೆ ಮುಚ್ಚೀತು? ಅಂದು ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಪೊದೆ ಮೌನವಾಗಿತ್ತು. ನರಿ ಹೊರಬಂದು ಮರಿಯತ್ತ ಓಡಿತು. ಓಡಿದ್ದೇ ತಡ, ಬೆನ್ನು 'ಊಂ...' ಎಂದು ಕೂಗಿತು. ಮರಿ ಬೆಚ್ಚಿ ಹಾರಿ ತಾಯಿಯನ್ನು ಸೇರಿತು. ನರಿ ನಿಂತಿತು. ಕೂಗೂ ನಿಂತಿತು.

"ಭೂತವೂ ಅಲ್ಲ, ಮಣ್ಣೂ ಅಲ್ಲ. ಇದು ನಮ್ಮ ಕಜ್ಜಿ ನರಿ," ಎಂದಿತು ಜಿಂಕೆ.

ಹಂದಿಗಳು ಅಟ್ಟಿಸಿಕೊಂಡು ಬಂದವು. ನರಿ ತನ್ನ ಬಿಲಕ್ಕೆ ನುಗ್ಗಿತು. ಬಿಲದ ಬಾಯಿಗೆ ರೆಕ್ಕೆ ಅಡ್ಡ ನಿಂತಿತು. ನರಿ ಅಲ್ಲಿಂದ ಓಡಿ ಮುಸುವಜ್ಜನ ಮರದ ಕೆಳಗೆ ಬಿದ್ದು, ಇದನ್ನು ಕಿತ್ತುಹಾಕು ಎಂದು ಬೇಡಿತು. ಮುಸುವಜ್ಜ ಎಳೆದ. ಚರ್ಮ ಹರಿಯಿತೇ ಹೊರತು ಅಂಟು ಬಿಡಲಿಲ್ಲ.

"ಸಾಯೋವರೆಗೂ ಅಂದವನು ನೀನೇ ಅಲ್ಲವೇನೋ," ಎಂದು ಕಣ್ಣೊರೆಸಿಕೊಂಡ.

ಹಂದಿಗಳ ಸದ್ದು ಹತ್ತಿರವಾಯಿತು. ನರಿ ಓಡಿತು. ಓಡಿದಷ್ಟೂ ಬೆನ್ನು ಕೂಗಿತು. ಕೂಗಿದಷ್ಟೂ ಅದು ಇರುವ ಜಾಗ ಎಲ್ಲರಿಗೂ ತಿಳಿಯಿತು.

ಈಗಲೂ ಕೆಲವು ಸಂಜೆ ಆ ನರಳಿಕೆ ದೂರದಿಂದ ಬರುತ್ತದೆ.

"ಗಾಳಿಯೇ ಇಲ್ಲವಲ್ಲಮ್ಮ, ಹೇಗೆ ಕೂಗುತ್ತೆ?" ಎಂದು ಒಮ್ಮೆ ಜಿಂಕೆಮರಿ ಕೇಳಿತು.

"ನೀರು ಕುಡಿ ಕಂದ," ಎಂದಿತು ತಾಯಿ. "ಅದು ಇನ್ನೂ ಓಡುತ್ತಿದೆ."

ನೀತಿ: ಬೇರೆಯವರನ್ನು ಹೆದರಿಸಲು ಹೊತ್ತ ವೇಷ ಕೊನೆಗೆ ಹೊತ್ತವರ ಬೆನ್ನೇ ಬಿಡುವುದಿಲ್ಲ.