ಕೆಂಪು ಬಾಲಕ್ಕೆ ಹೊಡೆದ ಕಲ್ಲು

ತಿಪ್ಪೇಸ್ವಾಮಿ ಮಲಗಿದ್ದ ಪ್ರಾಣಿಗೆ ಕಲ್ಲು ಹೊಡೆದ. ಪರದೇಶದ ಬೆಟ್ಟದಲ್ಲಿ, ಹೆತ್ತ ಮಗಳ ಕಣ್ಣೆದುರಿಗೇ ಹೊಡೆದ. ಅದು ತಪ್ಪು. ಕಥೆ ಆಮೇಲೆ.

ಅವನು ತನ್ನ ಗುರು ಓಬಜ್ಜನ ಬಳಿ ಬಂದದ್ದು ಆ ತಪ್ಪು ಒಪ್ಪಿಕೊಳ್ಳಲು ಅಲ್ಲ, ದೂರು ಹೇಳಲು. ಮಗಳು ಜಾಜಿ ತನ್ನೊಡನೆ ಮಾತು ಬಿಟ್ಟಿದ್ದಾಳೆ ಎಂಬುದು ಅವನ ದೂರು.

ಓಬಜ್ಜ ಹೊಳೆದಂಡೆಯ ಹುಣಸೆಮರದ ಕೆಳಗೆ ಕೂತಿದ್ದ. ಸುತ್ತ ನಾಲ್ಕಾರು ಜನ. ಅಪ್ಪನ ಜೊತೆ ಬಂದಿದ್ದ ಜಾಜಿ ಅಜ್ಜನ ಕಾಲು ಮುಟ್ಟಿದವಳೇ ನೀರಿನ ಬದಿಯ ಬಂಡೆಯ ಹತ್ತಿರ ಹೋಗಿ ಕೂತಳು.

"ನೇಪಾಳಕ್ಕೆ ಕರ್ಕೊಂಡು ಹೋಗಿದ್ದೆ ಗುರುವೇ. ಹೋಗುವಾಗ ಇವಳು ಹೀಗಿರಲಿಲ್ಲ."

ಆ ಬೆಟ್ಟದ ದಾರಿಯ ನೆನಪು ಬಂದರೆ ಅವನ ದನಿ ಮೆತ್ತಗಾಗುತ್ತಿತ್ತು. ಜಾಜಿ ಮುಂದೆ, ಅವನು ಏದುಸಿರು ಬಿಡುತ್ತ ಹಿಂದೆ. ಅವಳು ಪ್ರತಿ ತಿರುವಿನಲ್ಲೂ ನಿಂತು, ಎಮ್ಮೆ ಕರೆಯುವ ಹಾಗೆ ನಾಲಗೆ ಲೊಚಗುಟ್ಟಿಸಿ ಅವನನ್ನು ಕರೆಯುತ್ತಿದ್ದಳು. ನಿಧಾನ ಅನ್ನುವುದಕ್ಕೆ ಅಲ್ಲಿಯವರು ಬಿಸ್ತಾರೈ ಅನ್ನುತ್ತಾರೆ. ಆ ಮಾತನ್ನು ದಾರಿ ತೋರಿಸುವವನಿಂದ ಕಲಿತು, ಏರು ಬಂದಾಗಲೆಲ್ಲ 'ಬಿಸ್ತಾರೈ, ಅಪ್ಪ' ಅನ್ನುತ್ತಿದ್ದಳು. ನಮ್ಮ ವಿಸ್ತಾರ ಇಲ್ಲಿ ನಿಧಾನ ಆಗಿಬಿಟ್ಟಿದೆ ಅಂತ ನಕ್ಕಿದ್ದಳು.

ಸಂಜೆ ಇಬ್ಬರ ಒದ್ದೆ ಕಾಲುಚೀಲವನ್ನೂ ಒಂದೇ ಕೋಲಿಗೆ ನೇತುಹಾಕಿ ಒಲೆಯ ಮುಂದೆ ಕೂರುತ್ತಿದ್ದರು. ಸುಟ್ಟ ಆಲೂಗಡ್ಡೆಯ ಸಿಪ್ಪೆ ಅವನಿಗೆ, ತಿರುಳು ಅವಳಿಗೆ. ಹುಟ್ಟಿದ ಮೇಲೆ ಅವಳು ಅಷ್ಟು ಮಾತಾಡಿದ್ದು ಅಲ್ಲೇ, ಅಂದ ತಿಪ್ಪೇಸ್ವಾಮಿ.

ಕೊನೆಯ ದಿನ ಪಾಚಿ ಹಿಡಿದ ಮರದ ಮೇಲೆ ಒಂದು ಕೆಂಪು ಬಾಲ ಕಂಡಿತು. ಕೆಂಪು ಪಾಂಡಾ. ಬೆಕ್ಕಿಗಿಂತ ತುಸು ದೊಡ್ಡದು. ಅದನ್ನು ನೋಡಲೆಂದೇ ಅವರು ಅಷ್ಟು ದೂರ ಹೋದದ್ದು. ಅದು ಮುಖ ಮುಚ್ಚಿಕೊಂಡು ಮಲಗಿತ್ತು.

ಬಿಸಿಲು ಇಳಿದರೆ ತಾನೇ ಏಳುತ್ತದೆ, ಕಾಯೋಣ ಅಂದ ದಾರಿ ತೋರಿಸುವವನು. ಜಾಜಿ ಆಗಲೇ ಎಲೆ ಹಾಸಿಕೊಂಡು ಕೂತಿದ್ದಳು. ಆದರೆ ಕೆಳಗೆ ಜೀಪು ಹೊರಡಲು ನಿಂತಿತ್ತು.

ತಿಪ್ಪೇಸ್ವಾಮಿ ಕಲ್ಲು ಹೊಡೆದ.

ಪ್ರಾಣಿ ಬೆಚ್ಚಿ ಎದ್ದಿತು. ಅದರ ಮಗ್ಗುಲಲ್ಲಿ ಮರಿ ಇತ್ತು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಗಳಿಗೆ ಕೆಳಗೆ ನೋಡಿತು. ಆಮೇಲೆ ಎಡವುತ್ತ, ಜಾರುತ್ತ ಮಂಜಿನೊಳಗೆ ಹೋಯಿತು.

ಆ ಗಳಿಗೆಯ ಫೋಟೊ ಅವನ ಮೊಬೈಲಿನಲ್ಲಿತ್ತು. ಅದು ಈಗ ಹುಣಸೆಮರದ ಕೆಳಗೆ ಕೈಯಿಂದ ಕೈಗೆ ಹೋಯಿತು. ಎಂಥ ಕಣ್ಣು, ನಿಮ್ಮನ್ನೇ ನೋಡ್ತಾ ಇದೆಯಲ್ಲ ಅಂದರು ಜನ.

ಓಬಜ್ಜನೂ ನೋಡಿದ. "ಹೆದರಿದೆ" ಅಂದು ಮುಂದಕ್ಕೆ ಕೊಟ್ಟ.

"ನನಗೋಸ್ಕರ ಹೊಡೆದದ್ದಲ್ಲ ಗುರುವೇ. ಮಗಳಿಗೆ ತೋರಿಸಬೇಕು ಅಂತ ಹೊಡೆದೆ."

"ಅವಳಿಗೂ ಹಂಗೇ ಹೇಳಿದೀಯಾ?"

"ದಿನಾ ಹೇಳ್ತೀನಿ. ಎಲ್ಲಾ ನಿನಗೋಸ್ಕರಾನೇ ಅಂತ."

"ಅಂದ್ರೆ ಕಲ್ಲು ನಿನ್ನದು, ಪಾಪ ಅವಳದು. ಚೆನ್ನಾಗಿ ಹಂಚಿದೀಯ."

ತಿಪ್ಪೇಸ್ವಾಮಿಯ ಮುಖ ಕೆಂಪಾಯಿತು. ಹೊಳೆಯ ಕಡೆ ತಿರುಗಿ, ಬಾರೇ ಇಲ್ಲಿ, ಏನಾಗಿದೆ ನಿನಗೆ ಅಂತ ಅಜ್ಜನ ಮುಂದೆ ಹೇಳು ಎಂದು ಕೂಗಿದ. ಜಾಜಿ ಬಂಡೆಯ ಹಿಂದಕ್ಕೆ ಸರಿದಳು. ಜಡೆಯ ತುದಿಯ ಕೆಂಪು ರಿಬ್ಬನ್ ಒಂದೇ ಕಾಣುತ್ತಿತ್ತು.

ಓಬಜ್ಜ ನೆಲದಿಂದ ಒಂದು ಕಲ್ಲು ಆರಿಸಿ ಶಿಷ್ಯನ ಅಂಗೈಯಲ್ಲಿಟ್ಟ.

"ಹೊಡಿ."

"ಯಾರಿಗೆ?"

"ಬಂಡೆ ಹಿಂದೆ ಒಂದು ಜೀವ ಕೂತಿದೆ. ಮುಖ ಕಾಣ್ತಿಲ್ಲ. ನಿನಗೋ ಹೊತ್ತಾಗ್ತಿದೆ. ಹೊಡಿ."

"ಏನು ಮಾತು ಅಂತ ಆಡ್ತೀರಿ ಗುರುವೇ, ಅವಳು ನನ್ನ ಮಗಳು."

"ಆ ತಾಯಿ ಬಾಯಲ್ಲಿ ಇದ್ದದ್ದು?"

ತಿಪ್ಪೇಸ್ವಾಮಿ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಹಾಗಾದರೆ ಅವಳ ಮುಖ ನೋಡುವುದು ಹೇಗೆ ಎಂದು ಕೇಳಿದ. ಆ ದನಿಯಲ್ಲಿ ದೂರು ಇರಲಿಲ್ಲ.

"ನೋಡೋದಷ್ಟೇ ನಿನ್ನ ಕೆಲಸ ಕಣೋ. ಕಾಣಿಸಿಕೊಳ್ಳೋದು ಅದರದರ ಇಷ್ಟ."

ಕಾದರು. ಎರಡು ಸಲ ತಿಪ್ಪೇಸ್ವಾಮಿಯ ತುಟಿ ಅಲುಗಿತು. ಎರಡು ಸಲವೂ ಓಬಜ್ಜ ಅವನನ್ನು ಕಣ್ಣಲ್ಲೇ ಗದರಿದ. ಹುಣಸೆಯ ನೆರಳು ಸರಿದುಹೋಗಿ ನೀರು ಮುಟ್ಟಿತು.

ಜಾಜಿ ಬಂಡೆಯ ಹಿಂದಿನಿಂದ ತಾನಾಗಿಯೇ ಬಂದಳು. ಅಪ್ಪನ ಕಡೆ ನೋಡಲಿಲ್ಲ.

"ಅಜ್ಜ, ಆ ಮರಿ ಕೆಳಗೆ ಬಿದ್ದಿರಲ್ಲ ಅಲ್ವಾ?"

ಬಿದ್ದಿರುವುದಿಲ್ಲ, ಎಲ್ಲ ಚೆನ್ನಾಗಿರುತ್ತೆ ಅನ್ನುವ ಮಾತು ತಿಪ್ಪೇಸ್ವಾಮಿಯ ಬಾಯಿಗೆ ಬಂದಿತ್ತು. ನುಂಗಿದ.

"ಗೊತ್ತಿಲ್ಲ ಜಾಜಿ. ಹೊಡೆದದ್ದು ನಾನು. ನಿನಗೋಸ್ಕರ ಅಲ್ಲ. ನನಗೆ ಕಾಯೋಕೆ ಆಗಲಿಲ್ಲ."

ಅವಳು ಮೊದಲ ಸಲ ಅವನನ್ನು ನೋಡಿದಳು. ಬಂದು ಒಂದು ಮಾರು ದೂರದಲ್ಲಿ ಕೂತಳು. ಅವನು ಆತುರದಲ್ಲಿ ಅವಳ ತಲೆ ನೇವರಿಸಲು ಕೈ ಚಾಚಿದ.

"ಬಿಸ್ತಾರೈ, ಅಪ್ಪ."

ಚಾಚಿದ ಕೈ ನಿಂತಿತು. ಕಲ್ಲು ಇನ್ನೂ ಅದರಲ್ಲೇ ಇತ್ತು. ಅವನು ಅದನ್ನು ಸದ್ದಾಗದ ಹಾಗೆ ಮಣ್ಣಿನ ಮೇಲೆ ಇಟ್ಟ.

ಸುತ್ತ ಕೂತವರಲ್ಲಿ ಒಬ್ಬ ಮೆಲ್ಲಗೆ ಮೊಬೈಲು ಎತ್ತಿ ಅಪ್ಪ ಮಗಳ ಕಡೆ ಹಿಡಿದ. ಅವನನ್ನು ನೋಡಿ ಇನ್ನೊಬ್ಬನೂ ಎತ್ತಿದ.

ಓಬಜ್ಜ ಅವರ ಕಡೆ ತಿರುಗಿದ.

"ನಿಮ್ಮ ಕೈಲಿರೋದನ್ನೂ ಕೆಳಗಿಡಿ."