ಓಬಳೇಶ ಮಾಡಿದ ಮಂಚ

ಕೇಳೋರು ಹತ್ತಿರ ಕೂತ್ಕೊಳ್ಳಿ, ನಗೋರು ಒಂಚೂರು ದೂರ ಕೂತ್ಕೊಳ್ಳಿ. ದುರ್ಗದ ಕೋಟೆ ಬುಡದಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಓಬಳೇಶ. ಆಳು ಆನೆಯಂಥವನು, ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದರಲ್ಲಿ ಒಂದಕ್ಷರ ಬಿಡೋನಲ್ಲ, ಒಂದಕ್ಷರ ಸೇರಿಸೋನೂ ಅಲ್ಲ. ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರೋ ಕೆಲಸ. ಬಿಡುವಾದರೆ ಎರಡು ಹುಚ್ಚು. ಸೋದರಮಾವ ಕೊಟ್ಟ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗೋದು, ಇಲ್ಲ ಹಿತ್ತಲಲ್ಲಿ ಕೂತು ಗರಗಸ, ಉಳಿ ಹಿಡಿದು ಮರಗೆಲಸ ಮಾಡೋದು. ಒಲೆ ಮುಂದೆ ಕೂತರೆ ತಿಪ್ಪಕ್ಕ, ಇವನನ್ನ ಕಟ್ಕೊಂಡು ಹೆಂಗೆ ಬಾಳಲಿ ಅಂತ ಹಣೆ ಚಚ್ಚಿಕೊಳ್ಳೋಳು. ಬೀದಿಗೆ ಬಂದರೆ, ನನ್ನ ಮಗನ ಕೈಲಿ ಎರಡೆರಡು ವಿದ್ಯೆ ಐತೆ ಅಂತ ತಲೆ ಎತ್ತಿ ನಡೆಯೋಳು.

ಒಂದು ದಿನ ನೆಂಟರ ಮನೆ ಗೃಹಪ್ರವೇಶ. ಮನೆ ಯಜಮಾನ ಓಬಳೇಶನನ್ನ ಕರೆದು, ಊಟಕ್ಕೆ ಮುಂಚೆ ಮನೆಯವರದ್ದೆಲ್ಲ ಫೋಟೋ ತೆಗೆದುಬಿಡಪ್ಪ ಅಂದ. ಓಬಳೇಶ ಸ್ಟೂಲು ಹತ್ತಿದ. ಅಜ್ಜನ ಫೋಟೋ ತೆಗೆದ, ಅಜ್ಜಿ ಫೋಟೋ ತೆಗೆದ, ಹೂವಿನ ಹಾರದ ಸಮೇತ ಮುತ್ತಜ್ಜನದ್ದೂ ತೆಗೆದ. ಗೋಡೆಯಲ್ಲಿ ಮೊಳೆ ಮಾತ್ರ ಉಳಿದವು. ಯಜಮಾನ ಬಾಯಿಗೆ ಬಂದಂಗೆ ಬೈದ.

ತಿಪ್ಪಕ್ಕ ಮನೆಗೆ ಕರೆತಂದು ಬುದ್ಧಿ ಹೇಳಿದಳು. "ಫೋಟೋ ತೆಗೆಯೋದು ಅಂದ್ರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಕು, ಒಂಚೂರು ನಗ್ರಪ್ಪ ಅಂತ ಗಟ್ಟಿಯಾಗಿ ಹೇಳಬೇಕು, ಆಮೇಲೆ ಗುಂಡಿ ಒತ್ತಬೇಕು."

"ಹಂಗೇ ಆಗಲವ್ವ" ಅಂದ ಓಬಳೇಶ.

ಮುಂದಿನ ಭಾನುವಾರ ಸೋದರಮಾವ ಅವನನ್ನ ಜೋಗಿಮಟ್ಟಿ ಕಾಡಿಗೆ ಕರೆದುಕೊಂಡು ಹೋದ. ಬೆಳಗಿನ ಹೊತ್ತು ಬಂಡೆ ಮೇಲೆ ನವಿಲುಗಳು. ಅದರಲ್ಲೊಂದು ಗರಿ ಬಿಚ್ಚಿ ಕುಣಿಯುತ್ತಿತ್ತು. ಮಾವ ಉಸಿರು ಬಿಗಿಹಿಡಿದು ನೋಡುತ್ತಿದ್ದಾನೆ, ಓಬಳೇಶ ಎದ್ದು ಹೋಗಿ, ಸಾಲಾಗಿ ನಿಂತ್ಕೊಳ್ರಪ್ಪ, ಒಂಚೂರು ನಗ್ರಪ್ಪ ಅಂತ ಕೂಗಿದ. ನವಿಲೆಲ್ಲ ಭರ್ರನೆ ಹಾರಿದವು. ಓಬಳೇಶ ಗುಂಡಿ ಒತ್ತಿದ. ಫೋಟೋದಲ್ಲಿ ಬಂದದ್ದು ಒಂದಿಷ್ಟು ಆಕಾಶ, ಮೂಲೆಯಲ್ಲಿ ಗರಿಯ ತುದಿ.

ತಿಪ್ಪಕ್ಕ ಬೈದಳು. ಕಾಡಿನಲ್ಲಿ ಬಾಯಿ ಬಿಡಬಾರದು, ಅಲುಗಾಡಬಾರದು, ಮರದ ಹಿಂದೆ ಅವಿತು, ಅದು ತಾನಾಗೇ ಹತ್ತಿರ ಬರೋವರೆಗೂ ಸುಮ್ಮನಿರಬೇಕು ಅಂತ ತಿಳಿಸಿ ಹೇಳಿದಳು. ಹೇಳಿ, ಆ ಗರಿಯ ತುದಿಯ ಫೋಟೋಕ್ಕೆ ಕಟ್ಟು ಹಾಕಿಸಿ ದೇವರ ಪಕ್ಕದಲ್ಲಿ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸೋಳು, ಹಾರೋ ನವಿಲನ್ನ ಹಿಡಿದವನು ನನ್ನ ಮಗ ಅಂತ.

ಆ ವಾರ ಓಬಳೇಶ ಹಿತ್ತಲಲ್ಲಿ ಒಂದು ಸ್ಟೂಲು ಮಾಡಿದ. ಕಾಲಿಗೆ ಅಂಟು ಹಚ್ಚಿ ಒಣಗಲಿಕ್ಕೆ ಇಟ್ಟಿದ್ದ. ಪಕ್ಕದ ಮನೆ ಹೋತ ಬೇಲಿ ನುಗ್ಗಿ ಬಂತು. ತಿಪ್ಪಕ್ಕ ಒಳಗಿಂದ, ಮಗಾ, ಹೋತ ನೋಡ್ಕೊ ಅಂದಳು. ಓಬಳೇಶ ನುಗ್ಗೆ ಮರದ ಹಿಂದೆ ಅವಿತುಕೊಂಡು ಹೋತನ್ನ ನೋಡುತ್ತಾ ನಿಂತ. ಬಾಯಿ ಬಿಡಲಿಲ್ಲ, ಅಲುಗಾಡಲಿಲ್ಲ. ಹೋತ ಸ್ಟೂಲನ್ನ ಮೂಸಿತು, ಗಡ್ಡ ಅಂಟಿಗೆ ಮೆತ್ತಿಕೊಂಡಿತು. ಗಾಬರಿಯಾಗಿ ಓಡಿದರೆ ಸ್ಟೂಲಿನ ಒಂದು ಕಾಲೂ ಅದರ ಜೊತೆ ಬೀದಿ ಸುತ್ತಿತು. ಗಡ್ಡ ಕತ್ತರಿಸೋವರೆಗೂ ಅಂಟು ಬಿಡಲಿಲ್ಲ.

"ಅಂಟು ನೋಡೇ, ಎಂಥ ಹದಕ್ಕೆ ಕಾಯಿಸವ್ನೆ" ಅಂತ ತಿಪ್ಪಕ್ಕ ಪಕ್ಕದ ಮನೆಯವಳಿಗೆ ಹೇಳಿದಳು. ಒಳಗೆ ಬಂದು ಮಗನಿಗೆ ಮಂಗಳಾರತಿ ಎತ್ತಿದಳು. ಅಂಟಿಸಿದ್ದನ್ನ ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡ್ಕೋಬೇಕು, ಒಮ್ಮೆ ಹಿಡಿದ ಮೇಲೆ ಯಾರು ಏನಂದರೂ ಬಿಡಬಾರದು ಅಂದಳು.

"ಹಂಗೇ ಆಗಲವ್ವ."

ಅಷ್ಟರಲ್ಲಿ ಚಳ್ಳಕೆರೆಯಿಂದ ಒಂದು ಸಂಬಂಧ ಬಂತು. ಇದು ತಪ್ಪಿದರೆ ಮಗ ಹಿಂಗೇ ಉಳಿದುಬಿಡ್ತಾನೆ ಅಂತ ತಿಪ್ಪಕ್ಕನಿಗೆ ಭಯ. ಮಗನಿಗೆ ತಲೆ ಬಾಚಿ, ಬಸ್ಸು ಹತ್ತಿಸಿ ಕರೆದುಕೊಂಡು ಹೋದಳು. ಹುಡುಗಿ ಅಪ್ಪ ಪಾಲಯ್ಯ ಬಾಗಿಲಿಗೆ ಬಂದು ಕೈ ಚಾಚಿದ. ಓಬಳೇಶ ಎರಡು ಕೈಯಲ್ಲೂ ಹಿಡಿದ. ಹಿಡಿದವನು ಬಿಡಲಿಲ್ಲ. ಪಾಲಯ್ಯ ಕೂತರೆ ಕೂತ, ಎದ್ದರೆ ಎದ್ದ. ಕಾಫಿ ಬಂತು, ಪಾಲಯ್ಯ ಎಡಗೈಲಿ ಕುಡಿದ. ಬಿಡಪ್ಪ ಅಂದರೂ ಇಲ್ಲ, ಬಿಡೋ ಅಂದರೂ ಇಲ್ಲ. ತಿಪ್ಪಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗಿ ನಾಗವೇಣಿ ತಟ್ಟೆ ಕೆಳಗಿಟ್ಟು, ಯಾಕ್ರೀ ಬಿಡ್ತಿಲ್ಲ ಅಂತ ನೇರವಾಗಿ ಕೇಳಿದಳು.

"ಒಮ್ಮೆ ಹಿಡಿದ ಮೇಲೆ ಬಿಡಬಾರದು ಅಂತ ಅವ್ವ ಹೇಳವ್ಳೆ."

ನಾಗವೇಣಿ ಸೆರಗು ಬಾಯಿಗೊತ್ತಿ ನಕ್ಕಳು. ನಕ್ಕು ಮುಗಿಸಿ ಅಪ್ಪನ ಕಡೆ ತಿರುಗಿದಳು. "ಅಪ್ಪಯ್ಯ, ಕೈ ಹಿಡಿದು ನಡುನೀರಲ್ಲಿ ಬಿಟ್ಟೋದೋರನ್ನ ಕಂಡಿದೀವಿ. ಈತ ಬಿಡಲ್ಲ. ನನಗೆ ಒಪ್ಪಿಗೆ."

ತಿಪ್ಪಕ್ಕ ಕಣ್ಣೊರೆಸಿಕೊಂಡಳು. ಮಗನ ಕಿವಿಯಲ್ಲಿ, ಈಗ ಕೈ ಬಿಡು, ಇನ್ಮೇಲೆ ನನ್ನ ಮಾತು ಸಾಕು, ಆ ಹುಡುಗಿ ಹೇಳಿದಂಗೆ ನಡ್ಕೊ ಅಂದಳು.

ಮದುವೆಗೆ ಅಂತ ಓಬಳೇಶ ಹಿತ್ತಲಲ್ಲಿ ತೇಗದ ಮಂಚ ಮಾಡಿದ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಮದುವೆ ಆಯಿತು, ಸೊಸೆ ಮನೆ ತುಂಬಿದಳು. ಮಂಚ ಒಳಗೆ ತರಲಿಕ್ಕೆ ಹೋದರೆ ಹಿತ್ತಲ ಬಾಗಿಲಲ್ಲಿ ಹಿಡಿಸಲಿಲ್ಲ. ನಾಗವೇಣಿ ಮಂಚ ನೋಡಿ ಸವರಿದಳು, ಅವಳಿಗೂ ಹೆಮ್ಮೆ.

"ಹೆಂಗಾದರೂ ಮಾಡಿ ಒಳಗೆ ತನ್ನಿ. ಮಂಚಕ್ಕೆ ಮಾತ್ರ ಒಂದು ಗೀರೂ ಬೀಳಬಾರದು" ಅಂದು ಅಡುಗೆಗೆ ಹೋದಳು.

ಓಬಳೇಶ ಮಂಚಕ್ಕೆ ಕಂಬಳಿ ಹೊದಿಸಿದ. ಗರಗಸ ತಗೊಂಡ. ಬಾಗಿಲ ಚೌಕಟ್ಟು ಕೊಯ್ದ. ಆಮೇಲೆ ಅದರ ಮೇಲಿನ ತೊಲೆ ಅಡ್ಡ ಬಂತು, ಅದನ್ನೂ ಕೊಯ್ದ. ಮಂಚ ಒಳಗೆ ಬಂತು. ಹಿಂದೆಯೇ ಹಿತ್ತಲ ಗೋಡೆಯೂ ಧೊಪ್ಪನೆ ಒಳಗೆ ಬಂತು.

ಕೇರಿಯೆಲ್ಲ ಓಡಿ ಬಂತು. ಧೂಳು ಇಳಿದಾಗ ತಿಪ್ಪಕ್ಕ ಮಣ್ಣಿನ ಗುಡ್ಡೆ ದಾಟಿ ಬಂದು ಕಂಬಳಿ ಎತ್ತಿದಳು. ನಾಲ್ಕೂ ಕಾಲು ತಡವಿದಳು, ಬಗ್ಗಿ ಅಡಿಗೂ ನೋಡಿದಳು. ಆಮೇಲೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸೊಸೆಯನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಗೋಡೆ ಇಲ್ಲದ ಮನೆಯಿಂದ ನೆರೆದವರಿಗೆಲ್ಲ ಕೇಳುವಂಗೆ ಹೇಳಿದಳು:

"ಬಂದು ನೋಡ್ರೇ, ಮನೆ ಬಿದ್ದರೂ ನನ್ನ ಮಗನ ಮಂಚಕ್ಕೆ ಒಂದು ಗೀರು ಬಿದ್ದಿಲ್ಲ."