ನಡುಹಗಲಿನ ಕತೆಯ ಭಿಕ್ಷೆ

ಹೊಳೆಯ ದಂಡೆಯ ಬೇವಿನ ಮರದಡಿ, ದಾಸೋಹದ ಗುಡಿಸಲಿನ ಕಟ್ಟೆಯ ಮೇಲೆ, ಪೂಜ್ಯ ಶ್ರೀ ಚಿದ್ಘನ ಶಿವಯೋಗಿಗಳು ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕುಳಿತಿದ್ದರು. ಭಕ್ತರ ಬಾಯಲ್ಲಿ ಅವರು ಬರೀ ಅಜ್ಜನವರು. ಮಹಾತ್ಮರೆಂದರೆ ನೀರ ಮೇಲೆ ನಡೆಯಬೇಕು, ಬೆಂಕಿಯಲ್ಲಿ ಕೂರಬೇಕು ಎಂದು ಬಯಸುವವರಿಗೆ ಈ ಮೊರ, ಈ ಬೇಳೆ ಸಪ್ಪೆಯೆನಿಸೀತು. ಅಜ್ಜನವರು ಕಲ್ಲು ಆರಿಸಿದ ಬೇಳೆಯನ್ನು ಉಂಡವರು ಹಾಗೆನ್ನುವುದಿಲ್ಲ. ಅಂದು ನಡುಹಗಲು. ಹೊಳೆಯ ಮೇಲೆ ಬಿಸಿಲು ನಡುಗುತ್ತಿತ್ತು, ಆಚೆ ದಂಡೆ ನೆಲ ಬಿಟ್ಟು ತೇಲುವಂತೆ ಕಾಣುತ್ತಿತ್ತು.

ಆ ಹೊತ್ತಿಗೆ ಹೊಳೆವ್ವನೆಂಬ ಕುರುಬರ ಹೆಣ್ಣುಮಗಳು ತಮ್ಮನ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಮಾಳಿ ಎಂಬ ಆ ಕೂಸು ಒಣಗಿ ಕಡ್ಡಿಯಾಗಿತ್ತು. ತಾಯಿ ಹೆರಿಗೆಯಲ್ಲೇ ತೀರಿದ್ದಳು. ತಂದೆ ಅಮೋಗಿ ಕುರಿ ಹೊಡೆದುಕೊಂಡು ಹೋದವನು ಬೇಸಿಗೆಯ ಧೂಳುಗಾಳಿಯೊಂದರಲ್ಲಿ ಎತ್ತ ಹೋದನೋ ತಿಳಿಯದು. ಕುರಿಗಳು ಮನೆಗೆ ಬಂದವು, ಅವನು ಬರಲಿಲ್ಲ. ಅಂದಿನಿಂದ ಕೂಸು ಮಾತು ಬಿಟ್ಟಿತು, ಅನ್ನವನ್ನೂ ಬಿಡುತ್ತ ಬಂತು. ತುತ್ತು ತುಟಿಗಿಟ್ಟರೆ ಮುಖ ತಿರುವಿ ದಾರಿ ನೋಡುತ್ತಿತ್ತು. ರೋಗವೇ ಇಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಹೀಗೇ ಬಿಟ್ಟರೆ ಕೂಸು ಉಳಿಯದೆಂದು ಹೊಳೆವ್ವನಿಗೆ ಗೊತ್ತಿತ್ತು.

"ಯಪ್ಪಾ, ತಪ್ಪು ನಂದು," ಎಂದು ಅವಳು ಅಡ್ಡಬಿದ್ದಳು. "ಹಗಲಾಗ ಕತಿ ಹೇಳಿದರ ದಾರ್ಯಾಗಿದ್ದವರು ದಾರಿ ತಪ್ಪತಾರಂತ ಹಿರ್ಯಾರು ಹೇಳ್ಯಾರ. ಕೂಸು ಉಣವಲ್ದಂತ ಅವತ್ತ ಮಟಮಟ ಮಧ್ಯಾಹ್ನದಾಗ ಕತಿ ಹೇಳಾಕ ಕುಂತೆ. ಅರ್ಧ ಹೇಳೂದ್ರಾಗ ಬರೇ ಕುರಿ ಬಂದುವು. ನನ್ನ ಬಾಯೇ ನನ್ನ ತಮ್ಮನ್ನ ತಿಂತು. ಆಮ್ಯಾಲೆ ನಾ ಹಗಲೂ ಕತಿ ಹೇಳಿಲ್ಲ, ರಾತ್ರೀನೂ ಹೇಳಿಲ್ಲ."

ಅಜ್ಜನವರು ನಗಲಿಲ್ಲ. ಹುಚ್ಚು ನಂಬಿಕೆಯೆಂದು ಗದರಲೂ ಇಲ್ಲ. ಮೊರ ಕೆಳಗಿಟ್ಟು, ಹೆಗಲ ಜೋಳಿಗೆಯ ಬಾಯಿ ಬಿಡಿಸಿ ಅವಳ ಮುಂದೆ ಹಿಡಿದರು.

"ಆ ಕತಿ ನನಗ ಭಿಕ್ಷಾ ನೀಡು, ತಾಯಿ. ಪೂರಾ ನೀಡು."

"ಈಗ? ಇಂಥಾ ಬಿಸಲಾಗ? ಯಾರರೆ ದಾರಿ ತಪ್ಪಿದರ?"

"ತಪ್ಪಿದರ ನಾ ತಪ್ಪತೀನಿ. ಹೇಳು."

ಜಂಗಮರು ಚಾಚಿದ ಜೋಳಿಗೆಯನ್ನು ಬರಿದೇ ಕಳಿಸುವ ಎದೆ ಯಾರಿಗಿದೆ? ಹೊಳೆವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿ ಶುರು ಮಾಡಿದಳು. ಒಂದೂರಾಗ ಒಬ್ಬ ರಾಜ, ಅವನ ಕಿರಿಮಗ ಬಿಳಿಕುದುರೆ ಏರಿ ಅಡವಿಗೆ ಹೋದ. ನಮ್ಮ ಕಡೆ ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ಇಲ್ಲದಿದ್ದರೆ ಕತೆ ಒಂದು ಹೆಜ್ಜೆ ಮುಂದೆ ಹೋಗದು. ಅಜ್ಜನವರು ಚಿಕ್ಕ ಮಕ್ಕಳಂತೆ ಮಾತು ಮಾತಿಗೂ "ಹೂಂ" ಎನ್ನುತ್ತಿದ್ದರು. ಬೇವಿನ ನೆರಳು ಅಲುಗಲಿಲ್ಲ. ಹೊಳೆ ಕೂಡ ನಿಂತು ಕೇಳುತ್ತಿದೆಯೆಂದು ಹೊಳೆವ್ವನಿಗೆ ಅನ್ನಿಸಿತು. ಅಡವಿ ದಟ್ಟವಾದಂತೆ ರಾಜಕುಮಾರನ ಜರಿಪೇಟ ಎಲ್ಲೋ ಕಳೆಯಿತು, ಹೆಗಲಿಗೆ ಕಂಬಳಿ ಬಂತು. ಕುದುರೆ ಇದ್ದಲ್ಲಿ ಕುರಿಗಳಿದ್ದವು. ತಾನು ಯಾರ ಕತೆ ಹೇಳುತ್ತಿದ್ದೇನೆಂದು ಅರಿವಾದೊಡನೆ ಅವಳ ಮಾತು ನಿಂತಿತು. ಅಲ್ಲಿಗೇ ಅಜ್ಜನವರ ಹೂಂಕಾರವೂ ನಿಂತಿತು. ಅವರು ಕಣ್ಣು ಮುಚ್ಚಿದ್ದರು.

ಹೂಂ ಇಲ್ಲದೆ ತಮ್ಮ ಇನ್ನು ಆ ಅಡವಿಯಲ್ಲೇ ಉಳಿದುಬಿಡುತ್ತಾನೆ ಎಂದು ಹೊಳೆವ್ವನ ಜೀವ ಹೊಡೆದುಕೊಂಡಿತು.

"ಹೂಂ."

ದನಿ ತೊಡೆಯ ಮೇಲಿನಿಂದ ಬಂದಿತ್ತು. ಮಾಳಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಅಡವ್ಯಾಗ ಅವಗ ಉಣ್ಣಾಕ ಯಾರು ಕೊಟ್ರು, ಅತ್ತಿ?"

ಅಪ್ಪ ಹಸಿದಿರುವಾಗ ತಾನು ಹೇಗೆ ಉಣ್ಣಲಿ ಎಂದು ಕೂಸು ಬಾಯಿ ಕಟ್ಟಿತ್ತು! ಹೊಳೆವ್ವ ದಿಕ್ಕುಗೆಟ್ಟು ಅಜ್ಜನವರ ಕಡೆ ನೋಡಿದಳು. ಅವರು ಸುಮ್ಮನೆ ಜೋಳಿಗೆ ಹಿಡಿದೇ ಇದ್ದರು. ಹೇಳಬೇಕಾದವಳು ಅವಳೇ.

"ಅಲ್ಲೊಂದು ಗುಡಿಸಲಾಗ ಮುದುಕಿ ಒಬ್ಬಾಕಿ ಇದ್ಲು. ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಲು."

"ಉಂಡನ?"

"ಉಂಡ, ನನ್ನವ್ವ. ಹೊಟ್ಟಿ ತುಂಬ ಉಂಡ."

"ಮನಿಗಿ ಬಂದನ?"

ಬಂದನೆಂದರೆ ಸುಳ್ಳು, ಬರಲಿಲ್ಲವೆಂದರೆ ಕೂಸು ಮತ್ತೆ ಬಾಯಿ ಮುಚ್ಚೀತು. ಹೊಳೆವ್ವ ಕೂಸಿನ ಹಣೆಯ ಕೂದಲು ಹಿಂದಕ್ಕೆ ಸರಿಸಿದಳು.

"ಇಲ್ಲ, ಮಗಾ. ಭಾಳ ದೂರ ಹೋಗಿದ್ದ, ತಿರುಗಿ ಬರಾಕ ದಾರಿ ಇದ್ದಿಲ್ಲ. ನನ್ನ ಮಗಳು ಉಂಡಾಳೇನು ಅಂತ ಅಲ್ಲಿಂದನ ಕೇಳಿದ."

ಮಾಳಿ ತುತ್ತಿಗೆಂದು ಬಾಯಿ ತೆರೆದಳು.

ಅಜ್ಜನವರು ಜೋಳಿಗೆಯ ಬಾಯಿ ಕಟ್ಟಿ ಹೆಗಲಿಗೇರಿಸಿದರು, ಏನೋ ತುಂಬಿ ಭಾರವಾದಂತೆ. ಒಳಗೆ ಹೋಗಿ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ತಂದು ಹೊಳೆವ್ವನ ಕೈಗಿತ್ತು ಅವರು ಹೇಳಿದ್ದಿಷ್ಟೇ: "ಅಳು ತಾಯಿ, ಆದರ ಉಣಿಸೂದು ಬಿಡಬ್ಯಾಡ."

ತಮ್ಮನಿಗಾಗಿ ಹೊಳೆವ್ವ ಮೊದಲ ಸಲ ಅತ್ತದ್ದು ಅಂದು, ತುತ್ತಿನ ಮೇಲೆ ತುತ್ತು ಉಣಿಸುತ್ತ. ಬಟ್ಟಲು ಬರಿದಾದಾಗ ಹೊತ್ತು ಇನ್ನೂ ನೆತ್ತಿಯ ಮೇಲೇ ಇತ್ತು. "ಇನ್ನೊಂದು ಹೇಳು, ಅತ್ತಿ," ಎಂದು ಮಾಳಿ ಸೆರಗು ಜಗ್ಗಿದಳು.

ಹೊಳೆವ್ವ ಬಿಸಿಲನ್ನು ನೋಡಲಿಲ್ಲ, ದಾರಿಯನ್ನೂ ನೋಡಲಿಲ್ಲ. ಕೂಸಿನ ಬಾಯಿ ಒರೆಸಿ, ಹೇಳತೊಡಗಿದಳು.